ಹಾಲಿನ ಲೋಟ ಮೊದಲು ಕೆಳಗಿಡಿ

ಪ್ರಶ್ನೆ: ಐದು ವರ್ಷದ ಮಗಳು ಬಿಸ್ಕತ್ತು, ಚಿಪ್ಸ್ ಬಿಟ್ಟರೆ ಏನನ್ನೂ ಮುಟ್ಟುವುದಿಲ್ಲ. ಶಾಲೆಯಿಂದ ಬಂದ ಕೂಡಲೇ ದೊಡ್ಡ ಲೋಟದ ತುಂಬ ಹಾಲು ಕುಡಿಯುತ್ತಾಳೆ. ಆಮೇಲೆ ಬಾಳೆಹಣ್ಣು, ಮೊಳಕೆಕಾಳು ಏನು ಕೊಟ್ಟರೂ ಬೇಡ. ಆರೋಗ್ಯಕ್ಕೆ ಒಳ್ಳೆಯದಾದ ತಿಂಡಿ ಹೇಳಿ. (ದಾವಣಗೆರೆಯಿಂದ ಒಬ್ಬ ತಾಯಿ)

ಉತ್ತರ: ಈ ಪ್ರಶ್ನೆ ಪದೇ ಪದೇ ಬರುತ್ತದೆ. ಜೊತೆಗೆ ಆ ಹಾಲಿನ ಲೋಟವೂ ತಪ್ಪದೆ ಬರುತ್ತದೆ. ಹೊಟ್ಟೆ ತುಂಬಿಸಿದ ಮೇಲೆ ತಿಂಡಿ ಹುಡುಕಿದರೆ ಹಸಿವು ಎಲ್ಲಿಂದ ಬರಬೇಕು? ಈ ವಯಸ್ಸಿಗೆ ದಿನಕ್ಕೆ ಎಲ್ಲ ಸೇರಿ 400-500 ಮಿ.ಲೀ. ಹಾಲು ಸಾಕು. ಸಂಜೆಯದನ್ನು ಅರ್ಧ ಲೋಟಕ್ಕೆ ಇಳಿಸಿ, ತಿಂಡಿ ಮುಗಿದ ಮೇಲೆ ಕೊಡಿ. ಅಲ್ಲಿಂದ ರಾತ್ರಿಯೂಟದವರೆಗೆ ಎರಡೂವರೆ ಗಂಟೆ ಬಾಯಿಗೆ ನೀರು ಮಾತ್ರ.

ಇನ್ನು ತಿಂಡಿ. ಬಿಸ್ಕತ್ತು, ಚಿಪ್ಸ್ ಬೇಡುವ ಮಗುವಿಗೆ ಹಲ್ಲಿಗೆ ಗರಿಗರಿ ಸಿಗಬೇಕು. ಅಂಥ ಮಗುವಿನ ಮುಂದೆ ಮೆತ್ತನೆಯ ಬಾಳೆಹಣ್ಣು, ಹಸಿ ವಾಸನೆಯ ಮೊಳಕೆಕಾಳು ಇಟ್ಟರೆ ಬೇಡ ಅನ್ನದೆ ಇನ್ನೇನು ಅಂದೀತು? ಗರಿಗರಿಯಿಂದಲೇ ಶುರು ಮಾಡಿ, ಮೊದಲು ಹೆಸರುಕಾಳಿನ ದೋಸೆ.

ಒಂದು ಲೋಟ ಇಡೀ ಹೆಸರುಕಾಳು, ಎರಡು ದೊಡ್ಡ ಚಮಚ ಅಕ್ಕಿ ಸೇರಿಸಿ ಬೆಳಗ್ಗೆ ನೆನೆಹಾಕಿ. ಐದಾರು ಗಂಟೆ ಸಾಕು. ಅಕ್ಕಿ ಬಿಟ್ಟರೆ ದೋಸೆ ಮೆತ್ತಗಾಗುತ್ತದೆ. ಶುಂಠಿ, ಜೀರಿಗೆ, ಉಪ್ಪು ಹಾಕಿ ನುಣ್ಣಗೆ ರುಬ್ಬಿ. ಹುದುಗಿಸುವುದು ಬೇಡ. ಕಾವಲಿ ವಿಪರೀತ ಕಾದಿದ್ದರೆ ಹಿಟ್ಟು ಹರಡದೆ ಮುದ್ದೆಯಾಗುತ್ತದೆ, ಆದ್ದರಿಂದ ಮೊದಲು ನೀರು ಚಿಮುಕಿಸಿ ಒರೆಸಿ. ತೆಳ್ಳಗೆ ಹರಡಿ, ಅಂಚಿಗೆ ಅರ್ಧ ಚಮಚ ಎಣ್ಣೆ ಬಿಟ್ಟು, ಮಧ್ಯಮ ಉರಿಯಲ್ಲಿ ಎರಡು ಮೂರು ನಿಮಿಷ ಬೇಯಿಸಿ. ಮುಚ್ಚಳ ಮುಚ್ಚಬೇಡಿ, ಆವಿ ಕೂತರೆ ಗರಿ ಹೋಗುತ್ತದೆ. ಬಿಸಿಯಾಗಿ ಡಬ್ಬಿಗೆ ತುಂಬಿದರೂ ಅದೇ ಗತಿ. ಉದ್ದುದ್ದ ಪಟ್ಟಿ ಕತ್ತರಿಸಿ, ಶೇಂಗಾ ಚಟ್ನಿಗೆ ನಾಲ್ಕು ಹನಿ ನಿಂಬೆರಸ ಹಿಂಡಿ ಕೊಡಿ. ಕಾಳಿನ ಕಬ್ಬಿಣಾಂಶ ಮೈಗೆ ಹತ್ತಲು ಹುಳಿ ನೆರವಾಗುತ್ತದೆ. ಹಿಟ್ಟಿನೊಳಗೆ ಸೊಪ್ಪು ಕದ್ದು ಬೆರೆಸಬೇಡಿ. ಒಮ್ಮೆ ಗೊತ್ತಾದರೆ ದೋಸೆಯ ಮೇಲೂ ಅನುಮಾನ ಬರುತ್ತದೆ.

ದಾವಣಗೆರೆಯಲ್ಲಿದ್ದು ಮಂಡಕ್ಕಿ ಮರೆಯುವುದೆ? ಬರೀ ಮಂಡಕ್ಕಿ ಬರೀ ಅಕ್ಕಿಯೇ. ಒಂದು ಬಟ್ಟಲಿಗೆ ಎರಡು ಚಮಚ ಹುರಿಗಡಲೆ ಪುಡಿ, ಒಂದು ಚಮಚ ಹುರಿದ ಶೇಂಗಾದ ತರಿ ಬೇಕು. ಮೊದಲು ಅರ್ಧ ಚಮಚ ಎಣ್ಣೆಯಲ್ಲಿ ಮಂಡಕ್ಕಿ ಕಲಸಿ. ಇಲ್ಲದಿದ್ದರೆ ಪುಡಿಯೆಲ್ಲ ಬಟ್ಟಲಿನ ತಳ ಸೇರುತ್ತದೆ. ಕ್ಯಾರೆಟ್ ತುರಿ, ನಿಂಬೆರಸ ಕೊಡುವ ನಿಮಿಷದಲ್ಲಿ ಹಾಕಿ. ಮೆಣಸಿನಕಾಯಿ ಬಜ್ಜಿ ದೊಡ್ಡವರಿಗಿರಲಿ.

ಹೊಸ ತಿಂಡಿ ಎರಡು ಬೆರಳಿನಷ್ಟು ಇಡಿ, ಪಕ್ಕದಲ್ಲಿ ಅವಳಿಗೆ ಪರಿಚಯದ್ದೊಂದು ಇರಲಿ. ಮಗು ಒಂದನ್ನು ಒಪ್ಪಲು ಹತ್ತು ಹದಿನೈದು ಸಲ ನೋಡಬೇಕಾಗಬಹುದು, ನೀವು ಮೂರನೆಯ ಸಲಕ್ಕೇ ಕೈಬಿಡುತ್ತೀರಿ. ಇಪ್ಪತ್ತು ನಿಮಿಷವಾದ ಮೇಲೆ ಮಾತಿಲ್ಲದೆ ತಟ್ಟೆ ಎತ್ತಿ. ಬಾಯಿಗೆ ತುರುಕುವುದು, "ಇದು ತಿಂದರೆ ಚಾಕೊಲೇಟ್" ಅನ್ನುವುದು ಎರಡೂ ಬೇಡ. ಬಿಸ್ಕತ್ತಿನ ಪೊಟ್ಟಣ ಮನೆಗೆ ತರುವವರು ನೀವೇ, ತರುವುದು ನಿಲ್ಲಿಸಿ. ಮನೆಯಲ್ಲಿ ಇನ್ನೂ ಚಿಕ್ಕ ಕೂಸಿದ್ದರೆ ಇಡೀ ಶೇಂಗಾ, ಹುರಿಗಡಲೆ ಅದರ ಕೈಗೆ ಸಿಗದಿರಲಿ, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ವರ್ಷ ತುಂಬುವವರೆಗೆ ಚೆನ್ನಾಗಿ ತಿನ್ನುತ್ತಿದ್ದ ಮಗ ಈಗ ತಿನ್ನುವುದೇ ಇಲ್ಲ. ಎರಡೂವರೆ ವರ್ಷ.

ಉತ್ತರ: ಮೊದಲ ವರ್ಷದಲ್ಲಿ ತೂಕ ಹುಟ್ಟಿದಾಗಿನ ಮೂರು ಪಟ್ಟು ಆಗುತ್ತದೆ. ಎರಡರ ನಂತರ ವರ್ಷಕ್ಕೆ ಏರುವುದು ಸುಮಾರು ಎರಡು ಕಿಲೋ. ಹಸಿವು ತಗ್ಗುವುದು ಸಹಜ. ಅಂಗನವಾಡಿಯಲ್ಲಿ ತೂಕ ನೋಡಿಸಿ.

ಪ್ರಶ್ನೆ: ಹಸಿವಾಗುವ ಟಾನಿಕ್ ಅಂತ ಅಂಗಡಿಯವರು ಕೊಟ್ಟಿದ್ದಾರೆ. ಕುಡಿಸಲೆ?

ಉತ್ತರ: ಬೇಡ. ಇಂಥ ಎಷ್ಟೋ ಟಾನಿಕ್‌ಗಳಲ್ಲಿ ಸಿಪ್ರೊಹೆಪ್ಟಡಿನ್ ಇರುತ್ತದೆ. ಅದು ಅಲರ್ಜಿಯ ಔಷಧ, ಮಂಪರು ತರುತ್ತದೆ. ವೈದ್ಯರ ಚೀಟಿ ಇಲ್ಲದೆ ಮಗುವಿಗೆ ಇದನ್ನು ಕೊಡಬಾರದು.

ಪ್ರಶ್ನೆ: ಹಾಲಿಗೆ ಬೆರೆಸುವ ಹೆಲ್ತ್ ಡ್ರಿಂಕ್ ಯಾವುದು ಒಳ್ಳೆಯದು?

ಉತ್ತರ: 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಇವುಗಳನ್ನು "ಹೆಲ್ತ್ ಡ್ರಿಂಕ್" ಪಟ್ಟಿಯಿಂದ ತೆಗೆಯುವಂತೆ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. ಡಬ್ಬಿಯ ಹಿಂದೆ ಸಕ್ಕರೆಯ ಸಾಲು ಓದಿ.

ಪ್ರಶ್ನೆ: ಊಟ ಮಾಡದ ಮಗುವಿಗೆ ಬರೆ ಹಾಕಿಸಿದರೆ ಸರಿಹೋಗುತ್ತದೆ ಅನ್ನುತ್ತಾರೆ.

ಉತ್ತರ: ಮಗುವಿನ ಮೈ ಸುಡುವುದು ಚಿಕಿತ್ಸೆಯಲ್ಲ. ಅಂಥವರ ಬಾಗಿಲಿಗೂ ಹೋಗಬೇಡಿ.

ಪ್ರಶ್ನೆ: ಆರು ವರ್ಷದ ಮಗಳು ಊಟ ಬಿಟ್ಟು ಬಳಪ, ಗೋಡೆಯ ಸುಣ್ಣ ತಿನ್ನುತ್ತಾಳೆ. ಗದರಿಸಿದರೂ ಬಿಡುವುದಿಲ್ಲ.

ಉತ್ತರ: ಗದರಿಸಬೇಡಿ, ಇದು ಹಟವಲ್ಲ. ರಕ್ತಹೀನತೆಯ ಅನುಮಾನ ಬಲವಾಗಿದೆ. ಈ ವಾರವೇ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ನೋಡಿಸಿ. ಈ ವಯಸ್ಸಿಗೆ 11.5ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಜಂತುಹುಳುವಿನ ಮಾತ್ರೆ ಕೊನೆಯ ಸಲ ಯಾವಾಗ ಕೊಟ್ಟಿರಿ ಎಂಬುದನ್ನು ವೈದ್ಯರಿಗೆ ತಿಳಿಸಿ. ಕಬ್ಬಿಣದ ಸಿರಪ್ ಬರೆದುಕೊಟ್ಟರೆ ಹಾಲು, ಚಹಾದ ಜೊತೆ ಕುಡಿಸಬೇಡಿ.