ಓದುಗರ ಪ್ರಶ್ನೆ: ಕಂಪ್ಯೂಟರಿನಲ್ಲಿ ರೈಲು ಓಡಿಸುವುದರಲ್ಲಿ ಏನಿದೆ?

ಹೋದ ತಿಂಗಳ ಸಂಚಿಕೆಯಲ್ಲಿ ನನ್ನ ಹವ್ಯಾಸದ ಬಗ್ಗೆ ಒಂದು ಪುಟ ಬರೆದಿದ್ದೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ರಾತ್ರಿ ಎಂಟಕ್ಕೆ ಶಟರ್ ಎಳೆದ ಮೇಲೆ ಟ್ರೇನ್ ಸಿಮ್ಯುಲೇಟರಿನಲ್ಲಿ (ನಿಜವಾದ ರೈಲಿನಂತೆಯೇ ನಡೆಯುವ ಕಂಪ್ಯೂಟರ್ ಆಟ) ಗೂಡ್ಸ್ ಗಾಡಿ ಓಡಿಸುತ್ತೇನೆ, ಹದಿನೆಂಟು ವರ್ಷದಿಂದ. ಅದನ್ನು ಓದಿ ಬಂದ ಪತ್ರಗಳನ್ನು ಸಂಪಾದಕರು ನನಗೇ ಕಳಿಸಿ, ನೀವೇ ಉತ್ತರ ಬರೆಯಿರಿ ಎಂದರು. ಆರನ್ನು ಆರಿಸಿಕೊಂಡಿದ್ದೇನೆ.

ನನ್ನ ಮಗ ಒಂಬತ್ತನೇ ಕ್ಲಾಸು. ಸಂಜೆ ಆದರೆ ಕಂಪ್ಯೂಟರ್ ಮುಂದೆ ಕೂತು ರೈಲು ಓಡಿಸ್ತಾನೆ. ಒಂದೂರಿಂದ ಇನ್ನೊಂದೂರಿಗೆ ಎರಡು ತಾಸು. ಗೆಲ್ಲೋದೂ ಇಲ್ಲ, ಸೋಲೋದೂ ಇಲ್ಲ. ಇದರಾಗ ಏನೈತ್ರೀ? ಮುಂದೆ ಡ್ರೈವರ್ ಕೆಲಸಕ್ಕಾದರೂ ಅನುಕೂಲ ಆಗ್ತದಾ? (ಒಬ್ಬ ತಾಯಿ, ರಾಯಚೂರು)

ಅಕ್ಕಾ, ಒಂದು ಸಂಜೆ ಅವನ ಪಕ್ಕ ಕೂತು ನೋಡ್ರಿ, ಗಾಡಿ ನಿಲ್ಲಿಸೋ ಹೊತ್ತಿನಲ್ಲಿ. ಹೊರಡಿಸೋದು ಯಾರಿಗಾದರೂ ಬರುತ್ತದೆ, ನಿಲ್ಲಿಸೋದೇ ವಿದ್ಯೆ.

ನಾನು ಹೆಚ್ಚಾಗಿ ಓಡಿಸುವುದು ತೋರಣಗಲ್ಲಿಗೆ ಬರುವ ಅದಿರು ಗಾಡಿ. ಮೇಲ್ಭಾಗ ತೆರೆದಿರುವ 58 ಬಾಕ್ಸ್‌ಎನ್ ವ್ಯಾಗನ್, ಒಂದೊಂದು 10.7 ಮೀಟರ್ ಉದ್ದ, ತುಂಬಿದಾಗ 81 ಟನ್ ಚಿಲ್ಲರೆ ತೂಕ. ಅಂದರೆ ಬೆನ್ನ ಹಿಂದೆ 600 ಮೀಟರಿಗೂ ಮಿಕ್ಕಿದ ಉದ್ದ, 4,700 ಟನ್ ಭಾರ. ಬ್ರೇಕ್ ಪೈಪಿನಲ್ಲಿ ಗಾಳಿ 5 ಕೆ.ಜಿ. ಒತ್ತಡದಲ್ಲಿ ತುಂಬಿರುತ್ತದೆ. ಗಾಳಿ ಹೊರಬಿಟ್ಟರೆ ಬ್ರೇಕ್ ಹಿಡಿಯುತ್ತದೆ, ಮತ್ತೆ ತುಂಬಿದರೆ ಬಿಡುತ್ತದೆ. ಗಾಡಿ ನಡುವೆ ಕೊಂಡಿ ಕಳಚಿ ಎರಡು ತುಂಡಾದರೂ ತಾನಾಗಿ ನಿಲ್ಲಲಿ ಅಂತ ಈ ಏರ್ಪಾಡು.

ದೂರದಲ್ಲಿ ಎರಡು ಹಳದಿ ದೀಪ, ಅಂದರೆ ವೇಗ ತಗ್ಗಿಸಲು ಸಿದ್ಧನಾಗು ಎನ್ನುವ ಸಿಗ್ನಲ್, ಕಂಡ ಕೂಡಲೇ ಥ್ರಾಟಲನ್ನು (ಎಂಜಿನ್ನಿನ ಬಲ ಏರಿಸಿ ಇಳಿಸುವ ಹಿಡಿ, ಅದರ ಒಂದೊಂದು ಮೆಟ್ಟಿಲೇ ನಾಚ್) ಎಂಟನೇ ನಾಚ್‌ನಿಂದ ಒಂದೊಂದಾಗಿ ಇಳಿಸುತ್ತೇನೆ. ಒಂದು ಹಳದಿ (ಮುಂದಿನದು ಕೆಂಪು ಇರಬಹುದು ಎಂಬ ಸೂಚನೆ) ಬಂದಾಗ ಪೈಪಿನಿಂದ ಅರ್ಧ ಕೆ.ಜಿ. ಬಿಟ್ಟು ಕಾಯುತ್ತೇನೆ. ಒತ್ತಡ ಇಳಿಯುತ್ತಾ ಬರುವುದು ಎಂಜಿನ್ ಕಡೆಯಿಂದ, ಕೊನೆಯ ವ್ಯಾಗನ್ನಿಗೆ ಸುದ್ದಿ ಮುಟ್ಟಲು ಹೊತ್ತು ಬೇಕು. ಮೊದಮೊದಲು ಆ ಹೊತ್ತು ನನಗೆ ತಡೆಯಲಾಗುತ್ತಿರಲಿಲ್ಲ. ಬ್ರೇಕ್ ಹಿಡಿಯಲೇ ಇಲ್ಲವೆಂದು ಇನ್ನಷ್ಟು ಗಾಳಿ ಬಿಡುತ್ತಿದ್ದೆ, ಗಾಡಿ ಸಿಗ್ನಲಿಗಿಂತ ಅರ್ಧ ಕಿಲೋಮೀಟರ್ ಹಿಂದೆಯೇ ನಿಂತುಬಿಡುತ್ತಿತ್ತು. ಇಲ್ಲವೇ ಅವಸರದಲ್ಲಿ ಬ್ರೇಕ್ ಬಿಟ್ಟು, ಪೈಪ್ ತುಂಬುವ ಮೊದಲೇ ಮತ್ತೆ ಹಿಡಿದು, ಅದು ಸಾಲದೆ ಕೆಂಪು ದಾಟಿ ಹೋಗುತ್ತಿತ್ತು. ನಿಮ್ಮ ಮಗ ಆ ಎರಡು ತಾಸಿನಲ್ಲಿ ಕಲಿಯುತ್ತಿರುವುದು ಈ ತಾಳ್ಮೆ.

ಕೆಲಸದ ಮಾತಿಗೆ ನೇರ ಉತ್ತರ: ಸಿಮ್ಯುಲೇಟರ್ ಬರುತ್ತದೆ ಅಂತ ಯಾರೂ ಅಂಕ ಕೊಡುವುದಿಲ್ಲ. ಅಸಿಸ್ಟೆಂಟ್ ಲೋಕೊ ಪೈಲಟ್ ಆಗಬೇಕಾದರೆ ಎಸ್ಸೆಸ್ಸೆಲ್ಸಿ ಜೊತೆಗೆ ಐಟಿಐ, ಇಲ್ಲವೇ ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಬೇಕು. ಆಮೇಲೆ ರೈಲ್ವೆ ನೇಮಕಾತಿ ಮಂಡಳಿಯ ಪರೀಕ್ಷೆ, ಮನಸ್ಸಿನ ಚುರುಕು ಅಳೆಯುವ ಇನ್ನೊಂದು ಪರೀಕ್ಷೆ. ಕಣ್ಣು ರೈಲ್ವೆಯ ಅತಿ ಕಟ್ಟುನಿಟ್ಟಿನ ಎ-1 ದರ್ಜೆಯಲ್ಲಿರಬೇಕು, ಕನ್ನಡಕವಿಲ್ಲದೆ. ಈ ಕೊನೆಯದನ್ನು ಅವನಿಗೆ ಒತ್ತಿ ಹೇಳಿರಿ, ಕತ್ತಲೆಯಲ್ಲಿ ಸ್ಕ್ರೀನ್ ನೋಡುವುದನ್ನು ಅವನೇ ಬಿಡುತ್ತಾನೆ. ದಿನಕ್ಕೆ ಒಂದು ಟ್ರಿಪ್ ಅಂತ ಕರಾರು ಮಾಡಿಕೊಳ್ಳಿರಿ. ನಡುದಾರಿಯಲ್ಲಿ ಎಬ್ಬಿಸಬೇಡಿ, ಗಾಡಿ ನಿಂತ ಮೇಲೆ ಊಟಕ್ಕೆ ಕರೆಯಿರಿ.

ಇನ್ನೊಂದು ಮಾತು ಅವನಿಗೆ ತಿಳಿಸಿರಿ. ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿಐಪಿ) ರೈಲ್ವೆಯ ಹಳಿಯೂ ಮದ್ರಾಸ್ ಕಡೆಯಿಂದ ಬಂದ ಹಳಿಯೂ 1871ರಲ್ಲಿ ಕೂಡಿದ್ದು ನಿಮ್ಮ ರಾಯಚೂರಿನಲ್ಲೇ.

ನನ್ನದು ಹಳೇ ಲ್ಯಾಪ್‌ಟಾಪ್, ಖರ್ಚು ಮಾಡೋ ಶಕ್ತಿ ಇಲ್ಲ. ಯಾವ ಸಿಮ್ಯುಲೇಟರ್ ಹಾಕಿಕೊಳ್ಳಲಿ? (ಪದವಿ ವಿದ್ಯಾರ್ಥಿ, ಕೊಪ್ಪಳ)

ಓಪನ್ ರೈಲ್ಸ್ ಹಾಕಿಕೊಳ್ಳಪ್ಪ, ಪೂರ್ತಿ ಉಚಿತ. ಟ್ರೇನ್ಝ್, ಟ್ರೇನ್ ಸಿಮ್ಯುಲೇಟರ್ ಕ್ಲಾಸಿಕ್ ನೋಡಲು ಚೆಂದ, ಆದರೆ ದುಡ್ಡೂ ಬೇಕು, ಗಟ್ಟಿ ಕಂಪ್ಯೂಟರೂ ಬೇಕು.

ಓಪನ್ ರೈಲ್ಸಿನ ಹಿಂದಿನ ಕತೆ ನಿನಗೆ ಗೊತ್ತಿರಲಿ. 2001ರಲ್ಲಿ ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರ್ ಬಂತು. ಅದರಲ್ಲಿ ಆರು ಮಾರ್ಗ: ಅಮೆರಿಕದ ಎರಡು, ಜಪಾನಿನ ಎರಡು, ಇಂಗ್ಲೆಂಡಿನದೊಂದು, ಆಸ್ಟ್ರಿಯಾದ್ದೊಂದು. ನಮ್ಮ ದೇಶದ್ದು ಇರಲಿಲ್ಲ. ಮುಂದಿನ ಆವೃತ್ತಿ ತರುತ್ತೇವೆಂದು ಕಂಪನಿ ಎರಡು ಸಲ ಹೇಳಿ ಎರಡು ಸಲವೂ ಕೈಬಿಟ್ಟಿತು. 2009ರ ಜನವರಿಯಲ್ಲಿ ಅದನ್ನು ಮಾಡುತ್ತಿದ್ದ ಏಸಸ್ ಸ್ಟುಡಿಯೋನೇ ಮುಚ್ಚಿತು. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಹವ್ಯಾಸಿಗಳು ಬಿಡಲಿಲ್ಲ. ಹಳೆಯ ಮಾರ್ಗ, ಎಂಜಿನ್, ಬೋಗಿಗಳನ್ನೆಲ್ಲ ಓಡಿಸಬಲ್ಲ ಹೊಸ ತಂತ್ರಾಂಶವನ್ನು ತಾವೇ ಬರೆದರು, ಸಂಬಳವಿಲ್ಲದೆ, ಮೂಲ ಸಂಕೇತ (ಸೋರ್ಸ್ ಕೋಡ್) ಎಲ್ಲರಿಗೂ ಬಿಟ್ಟು. ಅದೇ ಓಪನ್ ರೈಲ್ಸ್. ನಮ್ಮ ದೇಶದ ಹುಡುಗರು ಹಳೇ ಡೀಸೆಲ್ ಎಂಜಿನ್ ಡಬ್ಲ್ಯುಡಿಎಂ-2ರಿಂದ ಹಿಡಿದು ವಿದ್ಯುತ್ ಎಂಜಿನ್ ಡಬ್ಲ್ಯುಎಪಿ-7ರ ತನಕ ಅದಕ್ಕಾಗಿ ಮಾಡಿ ಹಂಚಿದ್ದಾರೆ. ಕಂಪನಿ ಕೈಬಿಟ್ಟದ್ದನ್ನು ಬಳಸುವವರೇ ಇಷ್ಟು ವರ್ಷ ಸಾಕಿದ್ದಾರೆಂದರೆ ನನಗೆ ಈಗಲೂ ಎದೆ ತುಂಬುತ್ತದೆ.

ನಮ್ಮ ಹೊಸಪೇಟೆ ಲೈನು ಸಿಮ್ಯುಲೇಟರಿನಲ್ಲಿ ಇದೆಯೇ? ಇಲ್ಲದಿದ್ದರೆ ಮಾಡುವುದು ಹೇಗೆ? (ಓದುಗರು, ಗಂಗಾವತಿ)

ನಾನು ಮಾಡುತ್ತಿದ್ದೇನೆ. ಬಳ್ಳಾರಿಯಿಂದ ಕುಡತಿನಿ, ತೋರಣಗಲ್ಲು, ಗಾದಿಗನೂರು, ಪಾಪಿನಾಯಕನಹಳ್ಳಿ ದಾಟಿ ಹೊಸಪೇಟೆ ಮುಟ್ಟಿದ್ದೇನೆ. ಮುನಿರಾಬಾದ್ ಕಡೆಗೆ ತುಂಗಭದ್ರಾ ಸೇತುವೆಯ ಕಂಬಗಳ ಕೆಲಸ ನಡೆದಿದೆ.

ನೆಲ ಸಿಗುವುದು ಸುಲಭ. 2000ದ ಫೆಬ್ರುವರಿಯಲ್ಲಿ ಅಮೆರಿಕದ ಎಂಡೆವರ್ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ಭೂಮಿ ಸುತ್ತಿ ರೇಡಾರಿನಿಂದ ಅಳೆದ ಎತ್ತರಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ಅದನ್ನು ತುಂಬಿಸಿದರೆ ನಮ್ಮ ಗುಡ್ಡಗಳು ತಾವಾಗಿ ಎದ್ದು ನಿಲ್ಲುತ್ತವೆ. ಆದರೆ ಆ ಅಳತೆ 30 ಮೀಟರಿಗೊಂದು. ಹಳಿಯ ಕೆಳಗಿನ ಏರಿ, ಹಳ್ಳದ ಮೋರಿ ಅದರ ಕಣ್ಣಿಗೆ ಬೀಳುವುದಿಲ್ಲ. ಅದನ್ನೆಲ್ಲ ಕೈಯಿಂದಲೇ ಎಬ್ಬಿಸಬೇಕು, ಅಗೆಯಬೇಕು.

ನನ್ನನ್ನು ಕಾಡಿದ್ದು ಗಿಡ. ಸಿಮ್ಯುಲೇಟರ್ ಜೊತೆ ಬಂದ ಮರಗಳೆಲ್ಲ ಹೊರದೇಶದವು. ಕುಡತಿನಿ ಬಯಲಿನಲ್ಲಿ ಪೈನ್ ಮರ ನಿಂತರೆ ಅದು ನಮ್ಮೂರು ಹೇಗಾದೀತು? ಇಲ್ಲಿ ಹಳಿಯ ಎರಡೂ ಬದಿ ಬೆಳೆಯುವುದು ಜಾಲಿ. ನಾಡಿಗೆಲ್ಲ ಅದರ ಹೆಸರೇ ಬಳ್ಳಾರಿ ಜಾಲಿ. ಅದಿಲ್ಲದೆ ಬಳ್ಳಾರಿ ಲೈನು ಮಾಡಲಾರೆ ಅಂತ ಹಟ ಹಿಡಿದೆ.

ಸಿಮ್ಯುಲೇಟರಿನಲ್ಲಿ ಮರ ಎಂದರೆ ಫೋಟೋ ಅಂಟಿಸಿದ ತೆಳು ಹಾಳೆ. ನಾವು ಸಾಗಿದಂತೆ ಅದು ನಮ್ಮ ಕಡೆಗೇ ತಿರುಗುತ್ತದೆ. ಎಲೆಗಳ ನಡುವಿನ ಆಕಾಶವನ್ನೆಲ್ಲ ಕತ್ತರಿಸಿ ತೆಗೆಯಬೇಕು. ಜಾಲಿ ಎಲೆ ನವಿರು, ಹುಣಸೆ ಎಲೆಗಿಂತ ಸಣ್ಣ ಸಣ್ಣ ಚೂರು. ಒಂದು ಭಾನುವಾರ ನಡುಮಧ್ಯಾಹ್ನ ಊರಾಚೆಯ ಪಾಳುಹೊಲದಲ್ಲಿ ನನ್ನ ಮಗ ಒಂದು ಕಡೆ, ಅಂಗಡಿಯ ಹುಡುಗ ಇನ್ನೊಂದು ಕಡೆ ಬಿಳಿ ಪಂಚೆ ಹಿಡಿದು ಗಿಡದ ಹಿಂದೆ ನಿಂತರು. ಗಾಳಿಗೆ ಪಂಚೆ ಮುಳ್ಳಿಗೆ ಸಿಕ್ಕಿ ಹರಿಯಿತು. ನಲವತ್ತು ಫೋಟೋದಲ್ಲಿ ಬಳಸಬಹುದಾದ್ದು ಮೂರೇ. ಮೌಸಿನಿಂದ ಎಲೆ ಬಿಡಿಸಲು ಎರಡು ವಾರದ ರಾತ್ರಿಗಳು ಹಿಡಿದವು. ಮೊದಲ ಸಲ ಆ ಗಿಡ ಕ್ಯಾಬಿನ ಕಿಟಕಿಯಾಚೆ ಸರಿದು ಹೋದಾಗ ಅಂಗಡಿಯ ಹುಡುಗ, "ಅಣ್ಣಾ, ಇದು ನಮ್ಮ ಹೊಲದ ಬದು ಐತಲ್ಲ!" ಅಂದ.

ವ್ಯಾಗನ್ನುಗಳ ಫೋಟೋ ತೆಗೆಯಲು ನಾನೂ ಗೆಳೆಯರೂ ಹಳಿಯ ಹತ್ತಿರ ಹೋಗುತ್ತೇವೆ. ತಪ್ಪೇ? (ತೋರಣಗಲ್ಲು)

ಹಳಿಗೆ ಇಳಿಯಬೇಡಿ. ಅದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧ, ಆರು ತಿಂಗಳ ತನಕ ಜೈಲು ಇಲ್ಲವೇ ದಂಡ. ಕಾಯ್ದೆಯ ಮಾತಿರಲಿ, ಎದುರಿನಿಂದ ಬರುವ ಗಾಡಿಯ ಸದ್ದು ಹತ್ತಿರ ಬರುವ ತನಕ ಕೇಳಿಸದೇ ಹೋಗಬಹುದು. ರಸ್ತೆ ಮೇಲ್ಸೇತುವೆಯಿಂದ ತೆಗೆಯಿರಿ, ವ್ಯಾಗನ್ನಿನ ಒಳಗೆ ಅದಿರು ಎಷ್ಟು ಮಟ್ಟಕ್ಕೆ ತುಂಬಿದೆ ಅನ್ನುವುದೂ ಕಾಣುತ್ತದೆ.

ಸಿಮ್ಯುಲೇಟರಿಗೆ ಒಬ್ಬರು ಮಾಡಿದ ಎಂಜಿನ್ ಇಳಿಸಿಕೊಂಡು, ಬಣ್ಣ ಬದಲಿಸಿ, ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಹಿರಿಯರು ಬೈದು ಗುಂಪಿನಿಂದ ತೆಗೆದರು. ಉಚಿತವಾಗಿ ಕೊಟ್ಟಿದ್ದನ್ನು ಹಂಚಿದರೆ ತಪ್ಪೇನು? (ಸಿಂಧನೂರು)

ತಮ್ಮಾ, ಒಂದೇ ಸಲಕ್ಕೆ ಗುಂಪಿನಿಂದ ತೆಗೆದದ್ದು ಸರಿಯಲ್ಲ, ಮೊದಲು ಕರೆದು ತಿಳಿಹೇಳಬೇಕಿತ್ತು. ಆದರೆ ಅವರ ಸಿಟ್ಟಿಗೆ ಕಾರಣವಿದೆ. ಇಳಿಸಿಕೊಂಡ ಕಡತದ ಜೊತೆ ಒಂದು ಚಿಕ್ಕ ಓಲೆ ಇರುತ್ತದೆ, ಯಾರೂ ತೆರೆಯದ್ದು. ಎಂಜಿನ್ನಿನ ಆಕಾರ ಯಾರದು, ಬಣ್ಣ ಯಾರದು, ಹಾರ್ನ್ ಸದ್ದು ಯಾರು ಎಲ್ಲಿ ಹಿಡಿದದ್ದು, ಬೇರೆಯವರು ಬಳಸಬಹುದೇ, ಎಲ್ಲ ಅದರಲ್ಲಿ ಬರೆದಿರುತ್ತದೆ. ಈ ಹವ್ಯಾಸದಲ್ಲಿ ಕೂಲಿ ಅಂತ ಇರುವುದು ಆ ಹೆಸರೊಂದೇ.

ನನ್ನ ಜಾಲಿ ಗಿಡವನ್ನು ಉಚಿತವಾಗಿ ಬಿಟ್ಟಾಗ, ಮದುರೆ ಕಡೆಯ ಒಬ್ಬ ಹುಡುಗ ಪತ್ರ ಬರೆದು ಕೇಳಿದ. ತಮಿಳುನಾಡಿನಲ್ಲೂ ಇದೇ ಗಿಡ, ನನ್ನ ಮಾರ್ಗಕ್ಕೆ ನೆಟ್ಟುಕೊಳ್ಳಲೇ ಅಂತ. ಸಂತೋಷದಿಂದ ಕೊಟ್ಟೆ. ಅವನು ತನ್ನ ಓಲೆಯಲ್ಲಿ ನನ್ನ ಹೆಸರಿನ ಜೊತೆ ಬಳ್ಳಾರಿ ಎಂದೂ ಬರೆದ. ಮುಂದಿನ ವರ್ಷ ಒಂದು ಜಾಲತಾಣ ದುಡ್ಡಿಗೆ ಮಾರುತ್ತಿದ್ದ ಮಾರ್ಗದಲ್ಲಿ ಅದೇ ಗಿಡ ಕಂಡೆ. ಹೆಸರಿಲ್ಲ, ಕೇಳಿದ್ದೂ ಇಲ್ಲ. ನನ್ನದೇ ಎಂದು ಹೇಗೆ ಗುರುತಿಸಿದೆ ಅಂತೀಯಾ? ಎಡಗಡೆಯ ಕೆಳಗಿನ ಕೊಂಬೆಯಲ್ಲಿ ಹರಿದ ಪಂಚೆಯ ಒಂದು ಎಳೆ ಸಿಕ್ಕಿಕೊಂಡಿತ್ತು, ನಾನು ಅಳಿಸಲು ಮರೆತದ್ದು. ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ದುಡ್ಡಿನ ಸಂಕಟಕ್ಕಿಂತ, ಬಿಸಿಲಲ್ಲಿ ಪಂಚೆ ಹಿಡಿದ ಆ ಇಬ್ಬರು ಮಕ್ಕಳ ಹೆಸರು ಅಳಿಸಿದರಲ್ಲ ಅಂತ ಆರು ತಿಂಗಳು ಏನನ್ನೂ ಹೊರಬಿಡಲಿಲ್ಲ. ನಮ್ಮಲ್ಲಿ ಎಷ್ಟೋ ಒಳ್ಳೆಯ ಕೆಲಸಗಾರರು ಹೀಗೆಯೇ ಸುಮ್ಮನಾಗಿಬಿಟ್ಟಿದ್ದಾರೆ.

ನೀನು ಆ ಎಂಜಿನ್ ಮಾಡಿದವರಿಗೆ ಈಗಲೇ ಬರೆ. ಬಣ್ಣ ಬದಲಿಸಿದ ಚಿತ್ರವನ್ನೂ ಕಳಿಸು. ನನಗೆ ತಿಳಿದಂತೆ ಹತ್ತರಲ್ಲಿ ಒಂಬತ್ತು ಮಂದಿ ಹೂಂ ಅನ್ನುತ್ತಾರೆ, ಬಣ್ಣ ಚೆನ್ನಾಗಿದ್ದರೆ ಇನ್ನೊಂದು ಎಂಜಿನ್ನನ್ನೂ ನಿನ್ನ ಕೈಗೆ ಕೊಡುತ್ತಾರೆ.

ಲೋಕೊ ಪೈಲಟ್ ಆಗಿ ನಿವೃತ್ತನಾಗಿದ್ದೇನೆ. ಗುಂತಕಲ್, ಹುಬ್ಬಳ್ಳಿ ಕಡೆಯೆಲ್ಲ ಓಡಾಡಿದವನು. ಕಂಪ್ಯೂಟರ್ ಬರುವುದಿಲ್ಲ. ನಿಮ್ಮಂಥವರ ನಡುವೆ ನನಗೇನಾದರೂ ಕೆಲಸವುಂಟೇ? (ಹಿರಿಯರು, ಬಳ್ಳಾರಿ)

ಸರ್, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಿಮಗೆ ಕಂಪ್ಯೂಟರ್ ಬರುವುದು ಬೇಡ, ಅದು ನಮಗೆ ಬರುತ್ತದೆ. ನಮಗೆ ಬಾರದ್ದು ನಿಮ್ಮ ಹತ್ತಿರ ಇದೆ.

ಗೂಡ್ಸ್ ಎಳೆಯುವ ಡೀಸೆಲ್ ಡಬ್ಲ್ಯುಡಿಜಿ-4 ಎಂಜಿನ್ನಿಗೆ ಒಂದೇ ಕ್ಯಾಬು, ಅಂದರೆ ಚಾಲಕರ ಕೋಣೆ. ಯಂತ್ರವಿರುವ ಉದ್ದನೆಯ ಹುಡ್ ಮುಂದಾಗಿ ಓಡಿಸುವಾಗ ತಿರುವಿನಲ್ಲಿ ಸಿಗ್ನಲ್ ಮೊದಲು ಕಾಣುತ್ತಿದ್ದುದು ನಿಮಗೋ, ಆಚೆ ಬದಿಯ ಸಹಾಯಕರಿಗೋ? ಅವರು ದೀಪದ ಬಣ್ಣ ಕೂಗಿ ಹೇಳುತ್ತಿದ್ದ ಮಾತು ಕನ್ನಡವೋ, ತೆಲುಗೋ, ಹಿಂದಿಯೋ? ಗೋವಾ ಕಡೆ ಹೋಗಿದ್ದರೆ, ಕ್ಯಾಸಲ್‌ರಾಕಿನಿಂದ ಕುಳೆಂ ತನಕ 37 ಮೀಟರಿಗೆ 1 ಮೀಟರ್ ಇಳಿಯುವ ಇಳಿಜಾರಿನಲ್ಲಿ ಗಾಡಿ ತಡೆದು ಹಿಡಿದಾಗ ಕೈಗೆ ಏನು ಅನ್ನಿಸುತ್ತಿತ್ತು? ಮಳೆಗಾಲದಲ್ಲಿ ಅದಿರಿನ ಕೆಂಪು ರಾಡಿ ಹಳಿಗೆ ಹತ್ತಿದಾಗ ಚಕ್ರ ಜಾರುವ ಸದ್ದು ಹೇಗಿರುತ್ತಿತ್ತು? ಹದಿನೆಂಟು ವರ್ಷದಿಂದ ಇವನ್ನು ಊಹಿಸಿಯೇ ತುಂಬಿಸಿದ್ದೇನೆ.

ನಿಮ್ಮ ವಿಳಾಸ ಸಂಪಾದಕರ ಬಳಿ ಇದೆ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಭಾನುವಾರ ಅಂಗಡಿ ರಜೆ. ಮಗನೂ ಆ ಹುಡುಗನೂ ಇರುತ್ತಾರೆ. ಪಾಪಿನಾಯಕನಹಳ್ಳಿ ಬಿಟ್ಟ ಮೇಲೆ ಹೊಸಪೇಟೆಗೆ ನೀವು ಮೊದಲ ನಾಚ್ ಇಳಿಸುತ್ತಿದ್ದ ಜಾಗ ಯಾವುದು, ಅದನ್ನು ಸ್ಕ್ರೀನಿನ ಮೇಲೆ ಬೆರಳಿಟ್ಟು ತೋರಿಸಬೇಕು.