ಹೊಸ ರೈಕರ್ ಬಂದ್ಮೇಲೆ ಹಳೇ ಸ್ಪೈಡರ್‌ಗೆ ಎಷ್ಟು ಕೇಳ್ಬೋದು?

ಈ ಸಲ ಬಂದಿರೋ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ್ದು, ಅದಕ್ಕೆ ಉಳಿದ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ತಗೊಂಡಿದೀನಿ. ವಿಷಯ ಗೊತ್ತಿಲ್ದೋರಿಗೆ ಎರಡು ಮಾತು. ಕೆನಡಾದ ಬಿಆರ್‌ಪಿ ಕಂಪನಿ 2007ರಲ್ಲಿ ಕ್ಯಾನ್-ಆಮ್ ಸ್ಪೈಡರ್ ಅಂತ ಮೂರು ಚಕ್ರದ ಮೋಟರ್‌ಸೈಕಲ್ ತೋರಿಸ್ತು, ಮುಂದೆ ಎರಡು ಚಕ್ರ ಹಿಂದೆ ಒಂದು, ನಮ್ಮ ಆಟೋಗೆ ಪೂರ್ತಿ ಉಲ್ಟಾ. ಆಗ ಅಮೆರಿಕದಲ್ಲಿ ಅದರ ಶುರುವಿನ ಬೆಲೆನೇ 14,999 ಡಾಲರ್. 2018ರ ಸೆಪ್ಟೆಂಬರ್‌ನಲ್ಲಿ ಅದೇ ಕಂಪನಿ ರೈಕರ್ ಅಂತ ಚಿಕ್ಕದೊಂದನ್ನ ತಂತು, ಆಗಿನ ಬೆಲೆ 600 ಸಿಸಿದು 8,499 ಡಾಲರ್, 900 ಸಿಸಿದು 9,999, ಮಣ್ಣು ರೋಡಿಗೂ ಆಗೋ ರ‍್ಯಾಲಿ ಎಡಿಷನ್ 10,999. ಹಳೇ ಸ್ಪೈಡರ್ ಇಟ್ಕೊಂಡೋರಿಗೆಲ್ಲ ಆಗ ಅದೇ ಚಿಂತೆ. ಈ ಪತ್ರಗಳು, ಉತ್ತರಗಳು, ಅದರಲ್ಲಿರೋ ಬೆಲೆ ಟ್ಯಾಕ್ಸು ಎಲ್ಲ ಆ 2018ರ ಲೆಕ್ಕದ್ದು.

ಪ್ರಶ್ನೆ: ಸರ್ ನಮಸ್ಕಾರ. ನನ್ನ ಹತ್ರ 2012ರ ಸ್ಪೈಡರ್ ಆರ್‌ಎಸ್ ಇದೆ, ಸೆಮಿ ಆಟೊಮ್ಯಾಟಿಕ್ ಗೇರು, 19 ಸಾವಿರ ಮೈಲಿ ಓಡಿದೆ, ಯಾವಾಗ್ಲೂ ಗ್ಯಾರೇಜಲ್ಲೇ ಇಟ್ಟಿರೋದು. ಎರಡನೇ ಮಗು ಆದ್ಮೇಲೆ ಓಡ್ಸೋಕೆ ಟೈಮ್ ಸಿಗ್ತಿಲ್ಲ, ಮಾರೋಣ ಅಂತ 9,500 ಡಾಲರ್‌ಗೆ ಆ್ಯಡ್ ಹಾಕ್ದೆ. ಬಂದೋರೆಲ್ಲ ಹೊಸ ರೈಕರೇ 8,499ಕ್ಕೆ ಸಿಗುತ್ತಲ್ಲ, ಆರು ವರ್ಷದ ಗಾಡಿಗೆ ಯಾಕೆ ಅಷ್ಟು ಅಂತಾರೆ. ಒಬ್ರು 6,500 ಅಂದ್ರು. ಕೊಟ್ಬಿಡ್ಲಾ, ಕಾಯ್ಲಾ?
ಓದುಗರು, ಸ್ಯಾನ್ ಹೊಸೆ, ಕ್ಯಾಲಿಫೋರ್ನಿಯಾ

ಉತ್ತರ: 6,500ಕ್ಕೆ ಕೊಡ್ಬೇಡಿ ಸರ್. 9,500ರ ಆಸೆನೂ ಬಿಟ್ಬಿಡಿ, ಆ ಕಾಲ ಸೆಪ್ಟೆಂಬರ್‌ಗೇ ಮುಗೀತು. ನನ್ನ ಲೆಕ್ಕದಲ್ಲಿ ನೀವು 8,600 ಅಂತ ಹಾಕಿ 8,000ದ ಹತ್ರ ಬಿಡೋ ಥರ ಮನಸ್ಸು ಮಾಡ್ಕೊಳ್ಳಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಆ 8,499 ಅನ್ನೋ ಸಂಖ್ಯೆ ನೋಡೋಣ, ನಿಮ್ಮ ಹತ್ರ ಬರೋರು ಅದನ್ನೇ ಹಿಡ್ಕೊಂಡು ಜಗ್ಗಾಡ್ತಿರೋದು. ಆ ರೇಟಿಗೆ ಯಾರೂ ಗಾಡಿನ ಮನೆಗೆ ತಗೊಂಡು ಹೋಗಲ್ಲ. ಡೀಲರ್ ಹತ್ರ ಹೋದ್ರೆ ಗಾಡಿ ಸಾಗಿಸಿದ್ದಕ್ಕೆ ಫ್ರೇಟ್ ಅಂತಾರೆ, ಜೋಡಿಸಿ ರೆಡಿ ಮಾಡಿದ್ದಕ್ಕೆ ಸೆಟಪ್ ಅಂತಾರೆ, ಒಂದು ಸಾವಿರ ಅಂತ ಇಟ್ಕೊಳ್ಳಿ, ಡೀಲರಿಂದ ಡೀಲರಿಗೆ ಹೆಚ್ಚುಕಮ್ಮಿ ಆಗುತ್ತೆ. 9,499 ಆಯ್ತಾ, ಅದರ ಮೇಲೆ ನಿಮ್ಮೂರಿನ ಸೇಲ್ಸ್ ಟ್ಯಾಕ್ಸ್ 9.25 ಪರ್ಸೆಂಟ್ ಸೇರಿಸಿದ್ರೆ ಹತ್ತು ಸಾವಿರದ ಮುನ್ನೂರು ದಾಟ್ತು, ರಿಜಿಸ್ಟ್ರೇಷನ್ನು ಡಾಕ್ಯುಮೆಂಟ್ ಫೀಸು ಎಲ್ಲ ಸೇರಿ ಹತ್ತೂವರೆ ಸಾವಿರದ ಮೇಲೆ. ಅದೂ ಬರೀ ಒಂದು ಸೀಟಿನ, 600 ಸಿಸಿಯ, ಎರಡು ಸಿಲಿಂಡರ್‌ನ ಗಾಡಿಗೆ. ಹಿಂದೆ ಯಾರನ್ನಾದ್ರೂ ಕೂರಿಸ್ಬೇಕು ಅಂದ್ರೆ ಸೀಟು ಬೇರೆ ತಗೋಬೇಕು, ಬ್ಯಾಗ್ ಇಡೋಕೆ ಪೆಟ್ಟಿಗೆನೂ ಬೇರೆ ತಗೋಬೇಕು. ನಿಮ್ಮ ಗಾಡೀನ 8,000ಕ್ಕೆ ತಗೊಂಡೋರೂ ಡಿಎಂವಿಲಿ, ಅಂದ್ರೆ ಅಲ್ಲಿನ ಆರ್‌ಟಿಒಲಿ, ಅದೇ 9.25 ಪರ್ಸೆಂಟ್ ಕಟ್ಬೇಕು, ಅದನ್ನ ಮರೀಬೇಡಿ, ಅಂದ್ರೆ ಅವರಿಗೆ ಸುಮಾರು 8,750 ಬೀಳುತ್ತೆ. ವ್ಯತ್ಯಾಸ ಸಾವಿರದ ಏಳ್ನೂರು ಚಿಲ್ಲರೆ ಉಳೀತು. ಚೌಕಾಸಿ ಮಾಡೋರ ಮುಂದೆ ಈ ಲೆಕ್ಕನ ಒಂದು ಹಾಳೆ ಮೇಲೆ ಬರೆದು ತೋರಿಸಿ.

ಇನ್ನು ನಿಮ್ಮ ಗಾಡೀಲಿ ಏನಿದೆ, ರೈಕರಲ್ಲಿ ಏನಿಲ್ಲ ಅಂತ ನೋಡಿ. ನಿಮ್ದು ರೋಟ್ಯಾಕ್ಸ್ 998 ಸಿಸಿ ವಿ-ಟ್ವಿನ್, 106 ಹಾರ್ಸ್‌ಪವರ್, ಚಿಕ್ಕ ರೈಕರ್‌ದು 50ರ ಆಸುಪಾಸು. ನಿಮ್ದಕ್ಕೆ ಪವರ್ ಸ್ಟೀರಿಂಗ್ ಇದೆ, ರೈಕರ್‌ಗೆ ಇಲ್ಲ. ನಿಮ್ಮ ಗಾಡಿಯ ಮುಂದಿನ ಡಿಕ್ಕೀಲಿ 44 ಲೀಟರ್ ಜಾಗ ಇದೆ, ಹೆಲ್ಮೆಟ್ಟು ಜಾಕೆಟ್ಟು ತುರುಕಿ ಬೀಗ ಹಾಕ್ಬಹುದು. ಎದುರು ಕಡೆನೂ ಹೇಳ್ಬೇಕಲ್ಲ, ರೈಕರ್ ತುಂಬ ಹಗುರ, ಗೇರಿನ ತಲೆನೋವೇ ಇಲ್ಲ, ಸ್ಕೂಟಿ ಥರ ಸಿವಿಟಿ, ಆಕ್ಸಿಲರೇಟರ್ ತಿರುಗಿಸಿದ್ರೆ ಆಯ್ತು, ಬೆಲ್ಟ್ ಬದಲು ಶಾಫ್ಟ್ ಡ್ರೈವ್, ಹ್ಯಾಂಡಲ್ಲು ಕಾಲಿಡೋ ಪೆಗ್ಗು ಎರಡನ್ನೂ ಸ್ಪ್ಯಾನರ್ ಇಲ್ದೆ ಹಿಂದೆ ಮುಂದೆ ಸರಿಸ್ಕೋಬಹುದು. ಇದರ ಜೊತೆ ಎರಡು ವರ್ಷದ ವಾರಂಟಿ. ಸುಮ್ನೆ ಹೆಸರಿಗೆ ಬಂದ ಗಾಡಿ ಅಲ್ಲ ಅದು, ಒಳ್ಳೇ ಗಾಡಿ.

ಈಗ ನಿಮಗೆ ನಿಜವಾಗ್ಲೂ ಪೆಟ್ಟು ಕೊಡೋದು ಯಾವುದು ಗೊತ್ತಾ, ಲೋನು. ಬೆಲೆಗಿಂತ ಅದೇ ಜಾಸ್ತಿ. ಹೊಸ ಗಾಡಿಗೆ ಡೀಲರ್ ಅಲ್ಲೇ ಕೂರಿಸಿ ಕಂತು ಮಾಡಿಕೊಡ್ತಾನೆ, ಡೌನ್ ಪೇಮೆಂಟ್ ಕಮ್ಮಿ, ತಿಂಗಳಿಗೆ ಇಷ್ಟು ಅಂತ ಒಂದು ಸಣ್ಣ ಸಂಖ್ಯೆ ಹೇಳ್ತಾನೆ, ಮುಗೀತು. ನಿಮ್ಮ ಡ್ರೈವ್‌ವೇಗೆ ಬಂದೋನು ಎಂಟು ಸಾವಿರ ಕ್ಯಾಶು ಇಲ್ಲಾ ಬ್ಯಾಂಕ್ ಚೆಕ್ಕು ತರ್ಬೇಕು, ಇಪ್ಪತ್ತೈದು ವಯಸ್ಸಿನ ಹುಡುಗನ ಹತ್ರ ಅಷ್ಟು ಒಟ್ಟಿಗೆ ಎಲ್ಲಿಂದ ಬರುತ್ತೆ? ಅದಕ್ಕೇ ಚಿಕ್ಕ ವಯಸ್ಸಿನ, ಮೊದಲನೇ ಸಲ ಮೂರು ಚಕ್ರ ಹತ್ತೋ ಗಿರಾಕಿಗಳನ್ನ ನೀವು ಕಳ್ಕೊಂಡ್ರಿ ಅಂತಲೇ ಅಂದ್ಕೊಳ್ಳಿ. ಅವರು ಮೊದಲು ಬೇರೆ ದಾರಿ ಇಲ್ದೆ 2008ರಿಂದ 2012ರವರೆಗಿನ ಜಿಎಸ್ ಆರ್‌ಎಸ್ ಮಾಡೆಲ್ ಸ್ಪೈಡರ್ ಹುಡುಕ್ತಿದ್ರು, ಈಗ ದಾರಿ ಸಿಕ್ತು. ಹಳೇ ಗಾಡಿಗಳಲ್ಲಿ ಜಾಸ್ತಿ ಏಟು ಬಿದ್ದಿರೋದು ಇವಕ್ಕೇ.

ನಿಮಗೆ ಉಳಿದಿರೋ ಗಿರಾಕಿ ಬೇರೆ. ಐವತ್ತು ದಾಟಿದೋರು, ಮೊಣಕಾಲು ಸೊಂಟ ನೋವು ಅಂತ ಎರಡು ಚಕ್ರ ಬಿಟ್ಟೋರು, ಹೈವೇಲಿ ಎಪ್ಪತ್ತು ಮೈಲಿ ಸ್ಪೀಡಲ್ಲಿ ಆರಾಮಾಗಿ ಹೋಗ್ಬೇಕು ಅನ್ನೋರು, ಹೆಂಡತೀನ ಹಿಂದೆ ಕೂರಿಸ್ಕೊಂಡು ಹಾಫ್ ಮೂನ್ ಬೇಗೆ ಹೋಗ್ಬರೋಣ ಅನ್ನೋರು. ಕೈಲಿ ದುಡ್ಡಿರುತ್ತೆ, ಅವಸರ ಇರಲ್ಲ. ಆ್ಯಡಲ್ಲಿ ಅವರ ಜೊತೆ ಮಾತಾಡಿ. ಎರಡು ಸೀಟು, ಪವರ್ ಸ್ಟೀರಿಂಗ್, ರಿವರ್ಸ್ ಗೇರು, ಡಿಕ್ಕಿ, ಇದನ್ನ ಮೊದಲ ಸಾಲಲ್ಲೇ ಬರೀರಿ. ಕ್ಯಾಲಿಫೋರ್ನಿಯಾದಲ್ಲಿ ಮೂರು ಚಕ್ರದ ಮೋಟರ್‌ಸೈಕಲ್‌ಗೆ ಮಾಮೂಲಿ ಕಾರಿನ ಕ್ಲಾಸ್ ಸಿ ಲೈಸೆನ್ಸೇ ಸಾಕು, ಇದೂ ಬರೀರಿ, ಎಷ್ಟೋ ಜನಕ್ಕೆ ಗೊತ್ತಿಲ್ಲ. ಹೆಲ್ಮೆಟ್ ಮಾತ್ರ ಹಾಕ್ಲೇಬೇಕು.

ನಾನೇ ಕಳೆದ ವರ್ಷ ನನ್ನ 2010ರ ಸ್ಪೈಡರ್ ಮಾರ್ದೆ. ಮೂರು ವಾರ ಬರೀ ರೇಟು ಕೇಳೋರ ಮೆಸೇಜು, ಬೇಜಾರಾಗಿ ಕೊನೆಗೆ ಸರ್ವಿಸ್ ಬಿಲ್ಲು ಎಲ್ಲ ಫೋಟೋ ತೆಗೆದು ಹಾಕಿ, ಎರಡೂ ಕೀ ಇದಾವೆ, ಹಿಂದಿನ ಟೈರು ಹೊಸದು ಅಂತ ಬರೆದೆ, ನಾಲ್ಕನೇ ದಿನ ಒಬ್ರು ರಿಟೈರ್ಡ್ ಮೇಷ್ಟ್ರು ಬಂದು ನೂರೈವತ್ತು ಕಮ್ಮಿ ಮಾಡಿಸ್ಕೊಂಡು ಓಡಿಸ್ಕೊಂಡು ಹೋದ್ರು. ಹಿಂದಿನ ಟೈರ್ ವಿಷಯ ಸಣ್ಣದಲ್ಲ ಸರ್, ಸ್ಪೈಡರ್ ಹಿಂದಿನ ಟೈರು ಬೇಗ ಸವೆಯುತ್ತೆ ಅಂತ ಗೊತ್ತಿರೋ ಗಿರಾಕಿ ಮೊದಲು ಬಗ್ಗಿ ನೋಡೋದೇ ಅಲ್ಲಿ.

ಇನ್ನೊಂದು, ಕೆಲ್ಲಿ ಬ್ಲೂ ಬುಕ್‌ಲಿ ಇಷ್ಟಿದೆ ಅಂತ ವಾದ ಮಾಡೋಕೆ ಹೋಗ್ಬೇಡಿ. ಆ ಥರದ ರೇಟು ಪಟ್ಟಿಗಳು ಆಗಲೇ ಆಗಿಹೋದ ವ್ಯಾಪಾರಗಳನ್ನ ನೋಡಿ ಹಾಕಿರೋದು, ರೈಕರ್‌ದು ಅದರೊಳಗೆ ಇಳಿಯೋಕೆ ಟೈಮ್ ಬೇಕು. ನಿಮ್ಮ ಏರಿಯಾದಲ್ಲಿ ಇದೇ ಮಾಡೆಲ್ ಎಷ್ಟು ದಿನದಿಂದ ಮಾರಾಟ ಆಗ್ದೆ ಕೂತಿದೆ ಅಂತ ಕ್ರೇಗ್ಸ್‌ಲಿಸ್ಟ್ ಅನ್ನೋ ಆ್ಯಡ್ ಸೈಟಲ್ಲಿ ನೋಡಿ, ಅದು ನಿಜ ಹೇಳುತ್ತೆ.

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ರೂ ಸೇರಿ ದೂರ ಹೋಗೋಕೆ ಮೂರು ಚಕ್ರದ ಗಾಡಿ ನೋಡ್ತಿದೀವಿ. ಬಜೆಟ್ 13 ಸಾವಿರ. ಹೊಸ ರೈಕರ್ 900 ತಗೊಳ್ಳೋದಾ, ಹಳೇ ಸ್ಪೈಡರ್ ಆರ್‌ಟಿ ತಗೊಳ್ಳೋದಾ? ರೈಕರ್ ಬಂದಿದ್ದಕ್ಕೆ ಆರ್‌ಟಿ ರೇಟ್ ಇನ್ನೂ ಇಳಿಯುತ್ತೆ ಅಂತ ನಮ್ಮೋರು ಕಾಯಿ ಅಂತಾರೆ.
ಓದುಗರು, ಡಲ್ಲಾಸ್

ಉತ್ತರ: ಮೇಡಂ, ನೀವು ಇಬ್ರು ಹೋಗೋರು, ಅಲ್ಲಿಗೆ ಉತ್ತರ ಸಿಕ್ತು, ಆರ್‌ಟಿ ನೋಡಿ. ಅದನ್ನ ಮಾಡಿರೋದೇ ದೂರದ ಪ್ರಯಾಣಕ್ಕೆ, ಮುಂದೆ ಹಿಂದೆ ಪಕ್ಕದಲ್ಲಿ ಎಲ್ಲ ಸೇರಿ 155 ಲೀಟರ್ ಸಾಮಾನು ಹಿಡಿಯುತ್ತೆ, ಹಿಂದೆ ಕೂರೋರಿಗೆ ಒರಗೋಕೆ ಬೆನ್ನು ಇದೆ. ರೈಕರ್‌ಗೆ ಹಿಂದಿನ ಸೀಟು, ಒರಗೋ ಬೆನ್ನು, ಬ್ಯಾಗು, ಗಾಳಿ ತಡೆಯೋ ಗ್ಲಾಸು ಅಂತ ಒಂದೊಂದೇ ಹಾಕಿಸ್ತಾ ಹೋದ್ರೆ ನಿಮ್ಮ ಹದಿಮೂರು ಸಾವಿರ ಮುಗಿದುಹೋಗುತ್ತೆ, ಆಮೇಲೂ ಅದು ಆರ್‌ಟಿ ಆಗಲ್ಲ. ನಾಳೆ ಮಾರುವಾಗ ಆ ಆ್ಯಕ್ಸೆಸರಿಗಳಿಗೆ ಹಾಕಿದ ದುಡ್ಡು ಯಾರೂ ಕೊಡಲ್ಲ.

ಕಾದ್ರೆ ಇಳಿಯುತ್ತಾ? ನನಗೆ ಹಂಗನ್ಸಲ್ಲ. ಆರ್‌ಟಿ ಹುಡುಕೋರು ರೈಕರ್ ನೋಡಿ ಮನಸ್ಸು ಬದಲಾಯಿಸೋ ಜನ ಅಲ್ಲ, ಗಿರಾಕಿಗಳು ಹಂಗೇ ಇದ್ದಾಗ ರೇಟ್ ಯಾಕೆ ಬೀಳುತ್ತೆ. ಅದರ ಬದಲು, ಈಗ ರೈಕರ್ ತಗೊಂಡ ಹುಡುಗರಲ್ಲಿ ಎಷ್ಟೋ ಜನ ಎರಡು ಮೂರು ವರ್ಷ ಆದ್ಮೇಲೆ ದೊಡ್ಡದು ಬೇಕು ಅಂತಾರೆ, ಆಗ ಹೊಸ ಆರ್‌ಟಿಯ ಬೆಲೆ ನೋಡಿ ಗಾಬರಿಯಾಗಿ ಹಳೇದರ ಸಾಲಿಗೆ ಬಂದು ನಿಲ್ತಾರೆ. ಅವತ್ತು ಒಳ್ಳೇ ಆರ್‌ಟಿಗೆ ಕೇಳೋರು ಜಾಸ್ತಿನೇ ಆಗ್ತಾರೆ ಅಂತ ನನ್ನ ನಂಬಿಕೆ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ, 2014ರಿಂದ ಈಚೆದೇ ಹುಡುಕಿ. ಆ ವರ್ಷದಿಂದ ಆರ್‌ಟಿಗೆ ಮೂರು ಸಿಲಿಂಡರ್‌ನ 1330 ಸಿಸಿ ಎಂಜಿನ್ ಬಂತು, 115 ಹಾರ್ಸ್‌ಪವರ್, ಕಮ್ಮಿ ಆರ್‌ಪಿಎಂನಲ್ಲೇ ಸಲೀಸಾಗಿ ಎಳೆಯುತ್ತೆ, ಗೇರೂ ಐದರಿಂದ ಆರಾಯ್ತು. ಅದಕ್ಕೂ ಹಿಂದಿನ 998 ಸಿಸಿ ಆರ್‌ಟಿಗಳಲ್ಲಿ ಬೇಸಿಗೇಲಿ ಕಾಲಿಗೆ ಶಾಖ ಹೊಡೆಯುತ್ತೆ ಅಂತ ಓಡಿಸಿದೋರು ಹೇಳ್ತಾನೇ ಇರ್ತಾರೆ, ಡಲ್ಲಾಸಿನ ಜುಲೈ ಬಿಸಿಲಲ್ಲಿ ಅದು ಬೇಡ ನಿಮಗೆ. ದುಡ್ಡು ಕೊಡೋ ಮೊದಲು ಗಾಡಿಯ ಗುರುತಿನ ವಿಐಎನ್ ನಂಬರ್ ತಗೊಂಡು ರಸ್ತೆ ಸುರಕ್ಷತೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಸೈಟಲ್ಲಿ ಹಾಕಿ ಯಾವುದಾದ್ರೂ ರೀಕಾಲ್ ಕೆಲಸ, ಅಂದ್ರೆ ಕಂಪನಿನೇ ವಾಪಸ್ ಕರೆದು ಮಾಡೋ ರಿಪೇರಿ, ಬಾಕಿ ಇದೆಯಾ ನೋಡ್ಕೊಳ್ಳಿ, ಇದ್ರೆ ಮಾಡಿಸಿಕೊಟ್ಟ ಮೇಲೆನೇ ವ್ಯಾಪಾರ ಅನ್ನಿ.

ಪ್ರಶ್ನೆ: 2008ರಲ್ಲಿ ನಾನು ಹುಬ್ಬಳ್ಳೀಲಿದ್ದೆ. ಒಂದು ಲಕ್ಷದ ನ್ಯಾನೋ ಕಾರ್ ಸುದ್ದಿ ಬಂದ ಕೂಡ್ಲೇ ನಮ್ಮ ಮಾಮಾನ ಮಾರುತಿ 800 ಕೇಳೋರೇ ಇಲ್ದಂಗಾಯ್ತು. ರೈಕರ್ ಕಥೆನೂ ಹಂಗೇ ಅಲ್ವಾ?
ಓದುಗರು, ಎಡಿಸನ್, ನ್ಯೂಜೆರ್ಸಿ

ಉತ್ತರ: ಅರ್ಧ ಹಂಗೇ ಸರ್. 2008ರ ಜನವರೀಲಿ ದಿಲ್ಲಿಯ ಆಟೋ ಎಕ್ಸ್‌ಪೋದಲ್ಲಿ ನ್ಯಾನೋ ತೋರಿಸಿದಾಗ ಸೆಕೆಂಡ್ ಹ್ಯಾಂಡ್ 800ರ ರೇಟ್ ಬಿತ್ತು ಅಂತ ಪೇಪರ್‌ಗಳಲ್ಲೂ ಬಂದಿತ್ತು. ಆದ್ರೆ ನೆನಪು ಮಾಡ್ಕೊಳ್ಳಿ, ಆಗ ಬಿದ್ದಿದ್ದು ಬರೀ ಸುದ್ದಿಗೆ, ಗಾಡಿ ಇನ್ನೂ ಯಾರ ಮನೆಗೂ ಬಂದಿರಲಿಲ್ಲ. ಅಕ್ಟೋಬರ್ ಹೊತ್ತಿಗೆ ಟಾಟಾದೋರು ಬಂಗಾಳದ ಸಿಂಗೂರಿನ ಫ್ಯಾಕ್ಟರಿನೇ ಬಿಟ್ಟು ಹೋಗ್ಬೇಕಾಯ್ತು, ಹೊಸ ಜಾಗ ಹುಡುಕುವಾಗ ನಿಮ್ಮ ಪಕ್ಕದ ಧಾರವಾಡದ ಹೆಸರೂ ಕೇಳಿಬಂದಿತ್ತು, ಕೊನೆಗೆ ಗುಜರಾತಿನ ಸಾನಂದಕ್ಕೆ ಹೋಯ್ತು. 2009ರಲ್ಲಿ ಬುಕಿಂಗ್ ತಗೊಂಡು ಮೊದಲ ಒಂದು ಲಕ್ಷ ಜನಕ್ಕೆ ಲಾಟರಿ ಎತ್ತಿದ್ರು. 2008ರ ಆ ಜನವರೀಲೇ ಹೆದರಿ ಸಿಕ್ಕ ರೇಟಿಗೆ 800 ಕೊಟ್ಬಿಟ್ಟೋರ ಬಗ್ಗೆ ನನಗೆ ಇವತ್ತಿಗೂ ಸಂಕಟ ಆಗುತ್ತೆ, ಮನೆಯೋರೆಲ್ಲ ಒಂದೊಂದು ರೂಪಾಯಿ ಕೂಡಿಟ್ಟು ತಗೊಂಡಿದ್ದ ಕಾರು ಅದು.

ರೈಕರ್ ಹಂಗೆ ಕಾಯಿಸೋ ಗಾಡಿ ಅಲ್ಲ, ಶೋರೂಮಿಗೆ ಬರ್ತಾ ಇದೆ, ಅದಕ್ಕೇ ಇಲ್ಲಿ ಆಗೋ ಇಳಿತ ಸುದ್ದಿಯ ಇಳಿತ ಮಾತ್ರ ಅಲ್ಲ, ಸ್ವಲ್ಪ ಹಂಗೇ ಉಳ್ಕೊಳ್ಳುತ್ತೆ. ಆದ್ರೆ ನ್ಯಾನೋದೂ 800ದೂ ಒಂದೇ ಕೆಲಸ, ನಾಲ್ಕು ಜನ ಕೂತು ಮಳೇಲಿ ನೆನೆಯದೆ ಹೋಗೋದು. ರೈಕರ್‌ದೂ ದೊಡ್ಡ ಸ್ಪೈಡರ್‌ದೂ ಕೆಲಸ ಬೇರೆ ಬೇರೆ, ಅದಕ್ಕೆ ಪೆಟ್ಟು ಎಲ್ಲಾ ಹಳೇ ಗಾಡಿಗೂ ಒಂದೇ ಸಮ ಬೀಳಲ್ಲ, ಹೊಸ ರೈಕರ್ ಮನೆಗೆ ಬರೋ ಪೂರ್ತಿ ಬೆಲೆ ಇದೆಯಲ್ಲ, ಆ ಹತ್ತು ಹನ್ನೊಂದು ಸಾವಿರದ ಅಕ್ಕಪಕ್ಕ ಇರೋ ಗಾಡಿಗಳಿಗೆ ಬೀಳುತ್ತೆ.

ಪ್ರಶ್ನೆ: ಹೊಸ ರೈಕರ್ ಯಾವಾಗ ತಗೊಂಡ್ರೆ ಒಳ್ಳೇದು? ಒಂದು ವರ್ಷ ಬಿಟ್ಟು ಸೆಕೆಂಡ್ ಹ್ಯಾಂಡ್ ರೈಕರೇ ಸಿಗಲ್ವಾ?
ಓದುಗರು, ಟೊರಾಂಟೊ

ಉತ್ತರ: ಸಿಗುತ್ತೆ, ನಿಮ್ಮೂರಲ್ಲಿ ಚಳಿಗಾಲಕ್ಕೇ ಸಿಗುತ್ತೆ. ಹೊಸ ಉತ್ಸಾಹದಲ್ಲಿ ತಗೊಂಡೋರು ಒಂದು ಬೇಸಿಗೆ ಓಡಿಸಿ, ಹಿಮ ಬಿದ್ಮೇಲೆ ಗ್ಯಾರೇಜಲ್ಲಿ ಜಾಗ ಇಲ್ಲ ಅಂತ ಮಾರೋಕೆ ಇಡ್ತಾರೆ, ಆರು ತಿಂಗಳು ಓಡಿಸೋಕಾಗದ ಗಾಡಿಗೆ ನವೆಂಬರ್ ಡಿಸೆಂಬರ್‌ನಲ್ಲಿ ಯಾರೂ ಬರಲ್ಲ, ಅವಾಗ ನೀವು ಹೋಗಿ. ಮಾರ್ಚ್ ಬಂದು ಬಿಸಿಲು ಕಂಡ್ರೆ ಅದೇ ಗಾಡಿಗೆ ರೇಟ್ ಏರುತ್ತೆ. ವಾರಂಟಿ ಎರಡು ವರ್ಷ ಇರೋದ್ರಿಂದ ಒಂದು ವರ್ಷದ್ದು ತಗೊಂಡ್ರೂ ಇನ್ನೊಂದು ವರ್ಷ ಉಳಿದಿರುತ್ತೆ, ಯಾವ ತಾರೀಖಿಗೆ ಶುರುವಾಗಿದೆ ಅಂತ ಡೀಲರ್ ಹತ್ರ ಫೋನ್ ಮಾಡಿ ಕೇಳ್ಕೊಳ್ಳಿ. ನೀವು ಒಬ್ರೇ ಓಡ್ಸೋರಾದ್ರೂ 900 ಸಿಸಿದೇ ನೋಡಿ, ಹೊಸದಲ್ಲಿ 600ಕ್ಕೂ ಇದಕ್ಕೂ ಅಮೆರಿಕದ ರೇಟಲ್ಲಿ ಸಾವಿರದೈನೂರು ಡಾಲರ್ ವ್ಯತ್ಯಾಸ ಇದ್ರೂ ಹಳೇದಾದ್ಮೇಲೆ ಆ ಅಂತರ ಕಮ್ಮಿ ಆಗುತ್ತೆ, ಮುಂದೆ ನೀವು ಮಾರುವಾಗ್ಲೂ ಮೂರು ಸಿಲಿಂಡರ್‌ನ ಈ 900ನ ಕೇಳೋರು ಬೇಗ ಸಿಕ್ತಾರೆ.