ಟ್ಯಾಂಕ್ ಇಲ್ಲದ ವಾಟರ್ ಹೀಟರ್‌ನಿಂದ ಮನೆಗೆ ನಿಜವಾಗಿ ಏನು ಲಾಭ?

ಹಳೆಯ ಸ್ಟೋರೇಜ್ ಗೀಸರ್ ತೆಗೆದು ಟ್ಯಾಂಕ್‌ಲೆಸ್ ಹಾಕಿಸಿದರೆ ಲಾಭವಿದೆಯೇ ಎಂದು ಕೇಳಿದ್ದೀರಿ. ಇದೆ. ಎಷ್ಟು ಎನ್ನುವುದು ಮಾತ್ರ ನಿಮ್ಮ ಬಳಕೆಯ ಮೇಲೆ ನಿಂತಿದೆ.

ಟ್ಯಾಂಕಿನಲ್ಲಿ ಕಾಯಿಸಿಟ್ಟ ನೀರು ಯಾರೂ ನಲ್ಲಿ ತಿರುಗಿಸದಿದ್ದರೂ ಆರುತ್ತಲೇ ಇರುತ್ತದೆ, ಥರ್ಮೋಸ್ಟಾಟ್ ಅದನ್ನೇ ಮತ್ತೆ ಮತ್ತೆ ಕಾಯಿಸುತ್ತದೆ. ಟ್ಯಾಂಕ್‌ಲೆಸ್ ಹೀಟರ್ ನಲ್ಲಿ ತಿರುಗಿಸಿದಾಗ ಮಾತ್ರ, ಹರಿಯುವ ನೀರನ್ನೇ ಕಾಯಿಸುವುದರಿಂದ ಅದರಲ್ಲಿ ಈ ನಷ್ಟವಿಲ್ಲ. ಅಮೆರಿಕದ ಇಂಧನ ಇಲಾಖೆಯ ಲೆಕ್ಕದಂತೆ, ದಿನಕ್ಕೆ ಸುಮಾರು 155 ಲೀಟರಿನೊಳಗೆ ಬಿಸಿನೀರು ಬಳಸುವ ಮನೆಗಳಲ್ಲಿ ಇದರ ದಕ್ಷತೆ ಶೇ. 24ರಿಂದ 34ರಷ್ಟು ಹೆಚ್ಚು. ಸುಮಾರು 325 ಲೀಟರ್ ಬಳಸುವಲ್ಲಿ ಶೇ. 8ರಿಂದ 14 ಮಾತ್ರ. ಆದರೆ ಸ್ನಾನಕ್ಕೆ ಮುಂಚೆ ಸ್ವಲ್ಪ ಹೊತ್ತು ಗೀಸರ್ ಹಾಕಿ, ಆಮೇಲೆ ಆರಿಸುವ ಅಭ್ಯಾಸ ನಿಮಗಿದ್ದರೆ ಆ ನಷ್ಟದ ಬಹುಪಾಲನ್ನು ಈಗಾಗಲೇ ತಪ್ಪಿಸಿದ್ದೀರಿ. ಬಿಲ್ಲಿನಲ್ಲಿ ದೊಡ್ಡ ಇಳಿಕೆ ನಿರೀಕ್ಷಿಸಬೇಡಿ. ಆಗ ಉಳಿಯುವ ಲಾಭವೆಂದರೆ ಕೊನೆಗೆ ಸ್ನಾನಕ್ಕೆ ಹೋದವರಿಗೂ ಬಿಸಿನೀರು ಸಿಗುವುದು, ಜಾಗ ಉಳಿಯುವುದು, ತುಕ್ಕು ಹಿಡಿದು ಸೋರುವ ಟ್ಯಾಂಕೇ ಇಲ್ಲದಿರುವುದು.

ಅಂಗಡಿಯಲ್ಲಿ ‘ಇನ್‌ಸ್ಟಂಟ್’ ಎಂದು ಮಾರುವ 3 ಲೀಟರಿನ ಗೀಸರ್ ನಿಜವಾದ ಟ್ಯಾಂಕ್‌ಲೆಸ್ ಅಲ್ಲ, ಅದರೊಳಗೆ ಚಿಕ್ಕ ಟ್ಯಾಂಕ್ ಇರುತ್ತದೆ.

ಕೊಳ್ಳುವ ಮುನ್ನ ಒಂದು ಲೆಕ್ಕ ಮಾಡಲೇಬೇಕು. ನಿಮಿಷಕ್ಕೆ 1 ಲೀಟರ್ ಹರಿಯುವ ನೀರನ್ನು 1 ಡಿಗ್ರಿ ಬಿಸಿ ಮಾಡಲು ಸುಮಾರು 70 ವ್ಯಾಟ್ ಬೇಕು. ವರ್ಷದ ಅತಿ ಚಳಿಯ ದಿನ ನಲ್ಲಿ ನೀರು 20 ಡಿಗ್ರಿ ಇದ್ದು ನಿಮಗೆ 40 ಡಿಗ್ರಿ ಬೇಕೆಂದರೆ, ನಿಮಿಷಕ್ಕೆ 6 ಲೀಟರಿನ ಶವರಿಗೆ 6 × 20 × 70, ಅಂದರೆ 8.4 ಕಿಲೋವ್ಯಾಟ್. ಇದೇ ಏರಿಕೆಗೆ 3 ಕಿಲೋವ್ಯಾಟಿನ ಹೀಟರ್ ಕೊಡುವುದು ನಿಮಿಷಕ್ಕೆ ಸುಮಾರು 2 ಲೀಟರ್ ಮಾತ್ರ. ಬಕೆಟ್ ತುಂಬಿಸಿಕೊಂಡು ಸ್ನಾನ ಮಾಡುವವರಿಗೆ ಅಷ್ಟು ಸಾಕು, 15 ಲೀಟರ್ ಏಳೆಂಟು ನಿಮಿಷದಲ್ಲಿ ತುಂಬುತ್ತದೆ. ಶವರಿಗೆ ಸಾಲದು. ಎರಡು ಶವರ್ ಒಟ್ಟಿಗೆ ಓಡಬೇಕಾದರೆ ಲೆಕ್ಕ 17 ಕಿಲೋವ್ಯಾಟ್ ಹತ್ತಿರ ಹೋಗುತ್ತದೆ, ಅಲ್ಲಿ ನಾನು ಸೂಚಿಸುವುದು ಗ್ಯಾಸ್ ಹೀಟರನ್ನೇ. ‘ಟ್ಯಾಂಕ್‌ಲೆಸ್ ಹಾಕಿಸಿದೆವು, ನೀರು ಉಗುರುಬೆಚ್ಚಗೇ ಬರುತ್ತದೆ’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಈ ಲೆಕ್ಕ ತಪ್ಪಿದ್ದೇ.

ವೈರಿಂಗ್ ಕೂಡ ಅದಕ್ಕೆ ತಕ್ಕಂತೆ ಇರಬೇಕು. 230 ವೋಲ್ಟಿನಲ್ಲಿ 4.5 ಕಿಲೋವ್ಯಾಟ್ ಎಂದರೆ ಸುಮಾರು 20 ಆಂಪ್ಸ್. ಇದನ್ನು 16 ಆಂಪ್ಸ್ ಸಾಕೆಟ್ಟಿಗೆ ಸಿಕ್ಕಿಸಿದರೆ ಪ್ಲಗ್ ಕಾದು ಕರಗುತ್ತದೆ. ಕನಿಷ್ಠ 4 ಚದರ ಮಿ.ಮೀ. ತಾಮ್ರದ ಪ್ರತ್ಯೇಕ ವೈರ್, ತನ್ನದೇ ಎಂಸಿಬಿ (ಹೆಚ್ಚು ಕರೆಂಟು ಹರಿದರೆ ತಾನೇ ಆರುವ ಸ್ವಿಚ್), 30 ಮಿಲಿ ಆಂಪ್ಸ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ಕೂಡಲೇ ಆರುವ ಸ್ವಿಚ್), ಸರಿಯಾದ ಅರ್ಥಿಂಗ್ ಬೇಕು.

ನೀರಿನ ಒತ್ತಡವನ್ನು ತುಂಬಾ ಜನ ಮರೆಯುತ್ತಾರೆ. ಹರಿವು ಒಂದು ಮಟ್ಟಕ್ಕೆ, ಸಾಮಾನ್ಯವಾಗಿ ನಿಮಿಷಕ್ಕೆ 2ರಿಂದ 2.5 ಲೀಟರಿಗೆ, ಬರುವವರೆಗೆ ಗ್ಯಾಸ್ ಹೀಟರ್ ಹೊತ್ತಿಕೊಳ್ಳುವುದೇ ಇಲ್ಲ. ಓವರ್‌ಹೆಡ್ ಟ್ಯಾಂಕ್ 10 ಮೀಟರ್ ಎತ್ತರದಲ್ಲಿದ್ದರೆ ಸಿಗುವ ಒತ್ತಡ 1 ಬಾರ್, 3 ಮೀಟರ್ ಇದ್ದರೆ ಬರೀ 0.3 ಬಾರ್. ಮೇಲಿನ ಮಹಡಿಯವರು ಮಾಡೆಲ್‌ನ ಕನಿಷ್ಠ ಒತ್ತಡ ನೋಡಿಯೇ ಕೊಳ್ಳಿ. ಇನ್ನೊಂದು: ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರುವುದಿಲ್ಲ, ಪೈಪಿನಲ್ಲಿ ನಿಂತ ತಣ್ಣೀರು ಮೊದಲು ಹೋಗಬೇಕು. ಆದ್ದರಿಂದ ಹೀಟರ್ ಬಚ್ಚಲಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು.

ಹತ್ತಿರ ಎಂದರೆ ಗ್ಯಾಸ್ ಹೀಟರನ್ನು ಬಚ್ಚಲೊಳಗೆ ಇಡುವುದಲ್ಲ. ದಯವಿಟ್ಟು ಇದೊಂದನ್ನು ಸಡಿಲ ಬಿಡಬೇಡಿ. ಮುಚ್ಚಿದ ಕೋಣೆಯಲ್ಲಿ ಗಾಳಿ ಸಾಲದೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನ ಮಾಡುತ್ತಿರುವವರು ಗೊತ್ತಾಗುವ ಮೊದಲೇ ಪ್ರಜ್ಞೆ ತಪ್ಪುತ್ತಾರೆ, ಜೀವವೂ ಹೋಗುತ್ತದೆ. ಹೀಟರ್ ಹೊರಗಿರಲಿ, ಹೊಗೆ ಕೊಳವೆ ಬಯಲಿಗೆ ತೆರೆದಿರಲಿ, ಅದೂ ಕಿಟಕಿಗೆ ದೂರವಾಗಿ.

ಗಡಸು ನೀರಿನ ಮನೆಗಳಲ್ಲಿ, ನೀರು ಕಾಯುವ ಭಾಗವಾದ ಹೀಟ್ ಎಕ್ಸ್‌ಚೇಂಜರಿನೊಳಗೆ ಸುಣ್ಣ ಕಟ್ಟುತ್ತದೆ. ಹರಿವು ಕುಗ್ಗುವುದು, ಒಳಗಿನಿಂದ ಕುದಿಯುವಂಥ ಸದ್ದು ಬರುವುದು ಇದರ ಲಕ್ಷಣ. ವರ್ಷಕ್ಕೊಮ್ಮೆ ಕರೆಂಟು, ಗ್ಯಾಸ್ ಆರಿಸಿ, ಒಳಬರುವ ಹೊರಹೋಗುವ ವಾಲ್ವ್ ಮುಚ್ಚಿ, ಚಿಕ್ಕ ಪಂಪಿನಿಂದ ಬಿಳಿ ವಿನೆಗರನ್ನು 45ರಿಂದ 60 ನಿಮಿಷ ಸುತ್ತಿಸಿ. ಆಮೇಲೆ ಐದು ನಿಮಿಷ ಶುದ್ಧ ನೀರು ಹರಿಸಿ, ಒಳಬರುವ ಕಡೆಯ ಜಾಲರಿ ತೊಳೆದು ಹಾಕಿ. ಇದಕ್ಕೆ ಬೇಕಾದ, ಪಂಪಿನ ಪೈಪ್ ಜೋಡಿಸುವ ಸರ್ವಿಸ್ ವಾಲ್ವ್‌ಗಳನ್ನು ಫಿಟ್ಟಿಂಗ್ ದಿನವೇ ಕೇಳಿ ಹಾಕಿಸಿಕೊಳ್ಳಿ. ಆಮೇಲೆ ಸೇರಿಸಬೇಕೆಂದರೆ ಪೈಪ್ ಕತ್ತರಿಸಬೇಕಾಗುತ್ತದೆ.